‘ಟು’ ಬಂದ ದಾರಿ: ಇಂಗ್ಲಿಷ್ ಸಂಪ್ರದಾನದ ಸಾವಿರ ವರ್ಷ

ಇಂಗ್ಲಿಷ್ ವ್ಯಾಕರಣವನ್ನು ಶಾಲೆಯಲ್ಲಿ ಕಲಿಸುವ ಕಡೆಗಳಲ್ಲೆಲ್ಲ ತಲೆಮಾರುಗಳಿಂದ ನಡೆದುಬಂದಿರುವ ಅಭ್ಯಾಸಗಳಲ್ಲಿ ವಾಕ್ಯವನ್ನು ತಿರುಗಿಸಿ ಬರೆಯುವುದೂ ಒಂದು. ‘ಹಿ ಗೇವ್ ಮಿ ಎ ಬುಕ್’ ಎಂಬ ವಾಕ್ಯವನ್ನು ಕೊಟ್ಟರೆ ವಿದ್ಯಾರ್ಥಿಯು ಅದನ್ನು ‘ಹಿ ಗೇವ್ ಎ ಬುಕ್ ಟು ಮಿ’ ಎಂದು ಬರೆಯಬೇಕು. ‘ಷಿ ಮೇಡ್ ಅಸ್ ಟೀ’ ಎಂದು ಕೊಟ್ಟರೆ ‘ಷಿ ಮೇಡ್ ಟೀ ಫಾರ್ ಅಸ್’ ಎಂದು ಬರೆಯಬೇಕು. ಇಂಥ ವಾಕ್ಯಗಳಲ್ಲಿ ಕೊಟ್ಟ ವಸ್ತುವನ್ನು ಹೇಳುವ ಪದಕ್ಕೆ ನೇರ ಕರ್ಮವೆಂದೂ, ಅದನ್ನು ಪಡೆಯುವವರನ್ನು ಹೇಳುವ ಪದಕ್ಕೆ ಪರೋಕ್ಷ ಕರ್ಮವೆಂದೂ ಹೆಸರು. ‘ಟು’, ‘ಫಾರ್’ ಮುಂತಾಗಿ ನಾಮಪದದ ಹಿಂದೆ ಪ್ರತ್ಯಯವಾಗಿ ಅಂಟಿಕೊಳ್ಳದೆ ಅದರ ಮುಂದೆ ಬಿಡಿಯಾಗಿ ನಿಂತು ವಿಭಕ್ತಿಯ ಕೆಲಸ ಮಾಡುವ ಅವ್ಯಯಗಳಿಗೆ ಪ್ರಿಪೊಸಿಷನ್ ಎಂದು ಹೆಸರು. ಅಭ್ಯಾಸದ ಹಿಂದೆ ಒಂದು ನಂಬಿಕೆ ಅಡಗಿದೆ: ಎರಡು ವಾಕ್ಯಗಳೂ ಒಂದೇ, ಪ್ರಿಪೊಸಿಷನ್ ಇರುವುದು ಪೂರ್ಣರೂಪ, ಇಲ್ಲದ್ದು ಅದರ ಮೊಟಕು ರೂಪ. ಇಂಗ್ಲಿಷಿನ ಚರಿತ್ರೆ ಹೇಳುವುದು ಇದಕ್ಕೆ ವಿರುದ್ಧವಾದ ಮಾತನ್ನು. ಪ್ರಿಪೊಸಿಷನ್ ಇಲ್ಲದ ವಾಕ್ಯವೇ ಹಳೆಯದು. ಇನ್ನೊಂದು ಹಲವು ಶತಮಾನಗಳ ತರುವಾಯ ಅದರ ಪಕ್ಕದಲ್ಲಿ ಬಂದು ನಿಂತದ್ದು. ಹಳೆಯದನ್ನು ಹೊಸದರಿಂದ ಹುಟ್ಟಿಸುವ ವಾಡಿಕೆಯಾದರೋ ಲ್ಯಾಟಿನ್ ಪಾಠಶಾಲೆಗಳಿಂದ ಬಳುವಳಿಯಾಗಿ ಬಂದದ್ದು.

ಈ ಚರಿತ್ರೆಯ ಮೊದಲ ಘಟ್ಟವನ್ನು ಅರಿಯಲು ಇಂದಿನ ಇಂಗ್ಲಿಷ್ ಬಲ್ಲವರಿಗಿಂತ ಕನ್ನಡ ಬಲ್ಲವರಿಗೆ ಹೆಚ್ಚಿನ ಅನುಕೂಲವಿದೆ. ‘ಅವನು ರಾಮನಿಗೆ ಪುಸ್ತಕವನ್ನು ಕೊಟ್ಟನು’, ‘ಪುಸ್ತಕವನ್ನು ಅವನು ರಾಮನಿಗೆ ಕೊಟ್ಟನು’, ‘ರಾಮನಿಗೆ ಅವನು ಪುಸ್ತಕವನ್ನು ಕೊಟ್ಟನು’ ಎಂದು ಹೇಗೆ ಹೇಳಿದರೂ ಕೊಟ್ಟವನು ಯಾರು, ಪಡೆದವನು ಯಾರು ಎಂಬುದರಲ್ಲಿ ಗೊಂದಲವಾಗದಿರುವುದಕ್ಕೆ ಕಾರಣ ಪದಗಳ ಸ್ಥಾನವಲ್ಲ, ಅವುಗಳ ಕೊನೆಯಲ್ಲಿರುವ ಪ್ರತ್ಯಯ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ವೈಯಾಕರಣರ ಕ್ರಮವನ್ನು ಅನುಸರಿಸಿ ಕನ್ನಡದ ವಿಭಕ್ತಿಗಳನ್ನು ಎಣಿಸುವಾಗ ‘ಗೆ’, ‘ಕೆ’ ಪ್ರತ್ಯಯಗಳನ್ನು ಚತುರ್ಥಿಯಲ್ಲಿ ಇರಿಸುತ್ತಾನೆ. ಆ ವಿಭಕ್ತಿ ಸೂಚಿಸುವ ಮುಖ್ಯ ಸಂಬಂಧವೇ ಸಂಪ್ರದಾನ, ಎಂದರೆ ಕರ್ತೃವು ತನ್ನ ಕ್ರಿಯೆಯ ವಸ್ತುವನ್ನು ಯಾರಿಗೆ ಮುಟ್ಟಿಸಲು ಬಯಸುತ್ತಾನೋ ಅವರು ವಾಕ್ಯದಲ್ಲಿ ಪಡೆಯುವ ಸ್ಥಾನ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್ ಕೂಡ ಇದೇ ಬಗೆಯ ಭಾಷೆಯಾಗಿತ್ತು.

ಹಳೆಯ ಇಂಗ್ಲಿಷ್ ಎಂದು ವಿದ್ವಾಂಸರು ಕರೆಯುವ, ಸುಮಾರು 12ನೆಯ ಶತಮಾನದ ಆರಂಭದವರೆಗಿನ ಆ ಭಾಷೆಯಲ್ಲಿ ನಾಮಪದಕ್ಕೆ ಮುಖ್ಯವಾಗಿ ನಾಲ್ಕು ವಿಭಕ್ತಿಗಳಿದ್ದವು. ಅರಸನೆಂಬ ಅರ್ಥದ ‘ಕ್ಯುನಿಂಗ್’ ಎಂಬ ಪದ ಚತುರ್ಥಿಯಲ್ಲಿ ‘ಕ್ಯುನಿಂಗೆ’ ಎಂದೂ, ಅದರ ಬಹುವಚನ ‘ಕ್ಯುನಿಂಗುಮ್’ ಎಂದೂ ಆಗುತ್ತಿತ್ತು. ಕನ್ನಡದ ಕಿವಿಗೆ ‘ಕ್ಯುನಿಂಗೆ’ ಎಂಬುದು ‘ಅರಸಂಗೆ’ ಎಂಬುದರ ನಂಟನಂತೆ ಕೇಳಿಸಿದರೂ ಅದು ಆಕಸ್ಮಿಕ ಹೋಲಿಕೆಯಷ್ಟೆ, ಏಕೆಂದರೆ ಅಲ್ಲಿನ ‘ಗ’ಕಾರ ಮೂಲಪದಕ್ಕೆ ಸೇರಿದ್ದು, ಪ್ರತ್ಯಯವಾಗಿರುವುದು ‘ಎ’ಕಾರ ಮಾತ್ರ. ನಾಮಪದಕ್ಕೆ ಮೊದಲು ಬರುವ ನಿರ್ದೇಶಕ ಪದವೂ, ಇಂದಿನ ‘ದ’ ಎಂಬುದರ ಪೂರ್ವಜ, ವಿಭಕ್ತಿಗೆ ತಕ್ಕಂತೆ ಬದಲಾಗುತ್ತಿತ್ತು: ಪ್ರಥಮೆಯಲ್ಲಿ ‘ಸೆ’, ದ್ವಿತೀಯೆಯಲ್ಲಿ ‘ಥೊನೆ’, ಚತುರ್ಥಿಯಲ್ಲಿ ‘ಥ್ಯಾಮ್’. ಹೀಗೆ ಸಂಬಂಧವು ಎರಡೆರಡು ಕಡೆ ಗುರುತಾಗಿರುತ್ತಿದ್ದುದರಿಂದ ಪಡೆಯುವವನ ಹೆಸರು ಮೊದಲು ಬಂದು ವಸ್ತುವಿನ ಹೆಸರು ಅನಂತರ ಬರುವುದೂ, ವಸ್ತು ಮೊದಲು ಬಂದು ಪಡೆಯುವವನು ಅನಂತರ ಬರುವುದೂ ಸಮಾನವಾಗಿ ಸಾಧ್ಯವಿತ್ತು, ಎರಡೂ ಕ್ರಮಗಳು ಗದ್ಯದಲ್ಲಿ ಧಾರಾಳವಾಗಿ ದೊರೆಯುತ್ತವೆ.

ಸುಮಾರು 1000ದ ಹೊತ್ತಿಗೆ ಆಲ್ಫ್ರಿಕ್ ಎಂಬ ಕ್ರೈಸ್ತ ಸನ್ಯಾಸಿ ಲ್ಯಾಟಿನ್ ಭಾಷೆಗೆ ಇಂಗ್ಲಿಷಿನಲ್ಲಿ ಒಂದು ವ್ಯಾಕರಣವನ್ನು ಬರೆದನು. ಯೂರೋಪಿನ ದೇಶಭಾಷೆಯೊಂದರಲ್ಲಿ ರಚಿತವಾದ ಲ್ಯಾಟಿನ್ ವ್ಯಾಕರಣಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಲ್ಯಾಟಿನ್ನಿನ ‘ದಾತಿವುಸ್’ ವಿಭಕ್ತಿಗೆ ಅವನು ಕೊಡುವಿಕೆಗೆ ಸಂಬಂಧಿಸಿದ್ದು ಎಂಬರ್ಥದ ಅಚ್ಚ ಇಂಗ್ಲಿಷ್ ಹೆಸರನ್ನು ಕಟ್ಟಿ, ಲ್ಯಾಟಿನ್ ರೂಪಗಳಿಗೆ ಸಮನಾದ ಇಂಗ್ಲಿಷ್ ರೂಪಗಳನ್ನು ಎದುರಿಗೆ ಇಟ್ಟು ತೋರಿಸುತ್ತಾನೆ. ಆ ಇಂಗ್ಲಿಷ್ ರೂಪಗಳಲ್ಲಿ ‘ಟು’ ಇಲ್ಲ. ಲ್ಯಾಟಿನ್ನಿನ ಪ್ರತ್ಯಯಕ್ಕೆ ಎದುರಾಗಿ ಇಂಗ್ಲಿಷಿನ ಪ್ರತ್ಯಯವೇ ನಿಲ್ಲುತ್ತದೆ. ಐದು ಶತಮಾನಗಳ ಅನಂತರದ ಲ್ಯಾಟಿನ್ ಪಠ್ಯಪುಸ್ತಕಗಳನ್ನು ನೋಡುವಾಗ ಈ ಅಂಶವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಹಾಗೆಂದು ಆ ಕಾಲದ ಇಂಗ್ಲಿಷಿನಲ್ಲಿ ‘ಟು’ ಎಂಬ ಪದವೇ ಇರಲಿಲ್ಲವೆಂದಲ್ಲ. ಒಂದು ಊರಿನ ಕಡೆಗೆ, ಒಬ್ಬ ವ್ಯಕ್ತಿಯ ಬಳಿಗೆ ಎಂದು ಚಲನೆಯ ಗುರಿಯನ್ನು ಹೇಳುವಾಗ ಅದು ಬರುತ್ತಿತ್ತು. ಕಳುಹಿಸುವ, ತರುವ ಕ್ರಿಯೆಗಳಲ್ಲಿ ವಸ್ತುವು ಒಂದು ಜಾಗದಿಂದ ಇನ್ನೊಂದಕ್ಕೆ ಸಾಗುವುದರಿಂದ ಅಲ್ಲಿಯೂ ಬರುತ್ತಿತ್ತು. ಒಬ್ಬರನ್ನು ಕುರಿತು ಮಾತನಾಡುವಾಗಲೂ ಬರುತ್ತಿತ್ತು. ಕೊಡುವ ಕ್ರಿಯೆಯೊಂದಿಗೆ ಮಾತ್ರ ಸಾಮಾನ್ಯವಾಗಿ ಬರುತ್ತಿರಲಿಲ್ಲ. ಕೊಡುವುದನ್ನು ಅಂದಿನ ಇಂಗ್ಲಿಷ್ ಪ್ರಯಾಣವೆಂದು ಭಾವಿಸದೆ, ಇಬ್ಬರು ವ್ಯಕ್ತಿಗಳ ನಡುವಣ ಸಂಬಂಧವೆಂದು ಭಾವಿಸುತ್ತಿತ್ತು. ಎರಡು ರಚನೆಗಳ ನಡುವೆ ಇಂದಿಗೂ ಉಳಿದಿರುವ ಅರ್ಥಭೇದದ ಬೇರು ಇಲ್ಲಿಯೇ ಇದೆ.

ಪ್ರತ್ಯಯಗಳು ಅಳಿದದ್ದು ಒಂದೇ ಕಾರಣದಿಂದಲ್ಲ, ಒಂದೇ ದಿನದಲ್ಲಿಯೂ ಅಲ್ಲ. ಇಂಗ್ಲಿಷ್ ಸೇರಿದ ಜರ್ಮಾನಿಕ್ ಭಾಷಾವರ್ಗದಲ್ಲಿ ಉಚ್ಚಾರಣೆಯ ಒತ್ತು ಪದದ ಮೊದಲ ಭಾಗದ ಮೇಲೆ ಬೀಳುವುದರಿಂದ ಕೊನೆಯ ಅಕ್ಷರಗಳು ನಾಲಿಗೆಯ ಮೇಲೆ ಸವೆಯುತ್ತ ಬಂದು, ‘ಉಮ್’ ಎಂಬುದು ‘ಎನ್’ ಆಗಿ, ‘ಎನ್’ ಬರಿಯ ‘ಎ’ ಆಗಿ, ಕಡೆಗೆ ಅದೂ ಕೇಳಿಸದಾಯಿತು. 9ನೆಯ ಶತಮಾನದಿಂದ ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ನುಡಿಯೂ ಇಂಗ್ಲಿಷಿನ ಹತ್ತಿರದ ನೆಂಟನೇ ಆಗಿದ್ದು, ಎರಡರಲ್ಲೂ ಧಾತುಗಳು ಬಹುಮಟ್ಟಿಗೆ ಒಂದೇ ಆಗಿ ಪ್ರತ್ಯಯಗಳು ಮಾತ್ರ ಬೇರೆಯಾಗಿದ್ದುದರಿಂದ, ಅಕ್ಕಪಕ್ಕದಲ್ಲಿ ಬಾಳುವ ಜನರು ಪರಸ್ಪರ ಮಾತನಾಡುವಾಗ ತೊಡಕಾಗುವ ಪ್ರತ್ಯಯಗಳನ್ನು ಕೈಬಿಟ್ಟರೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಆಡಳಿತ ಮತ್ತು ಅರಮನೆಯ ಭಾಷೆ ಫ್ರೆಂಚ್ ಆಗಿ, ಇಂಗ್ಲಿಷ್ ಬರವಣಿಗೆಗೆ ಇದ್ದ ಮಠಗಳ ಶಿಸ್ತಿನ ಮಾದರಿ ಸಡಿಲವಾಯಿತು. ನಾಲಿಗೆಯಲ್ಲಿ ಅಷ್ಟರೊಳಗೇ ಆಗಿದ್ದ ಬದಲಾವಣೆ ಬರಹದಲ್ಲೂ ಕಾಣಿಸತೊಡಗಿತು.

ಈ ಬದಲಾವಣೆಯನ್ನು ಕಣ್ಣಾರೆ ಕಾಣಬಹುದಾದ ಒಂದು ಬರಹ ಉಳಿದುಬಂದಿದೆ. ಪೀಟರ್‌ಬರೊ ಮಠವು 1116ರಲ್ಲಿ ಬೆಂಕಿಗೆ ತುತ್ತಾದ ತರುವಾಯ ಅಲ್ಲಿನ ಸನ್ಯಾಸಿಗಳು ಬೇರೆ ಕಡೆಯಿಂದ ಹಳೆಯ ವಾರ್ಷಿಕ ವೃತ್ತಾಂತವೊಂದನ್ನು ತರಿಸಿ ನಕಲು ಮಾಡಿಕೊಂಡರು, ಮುಂದಿನ ವರ್ಷಗಳ ಸಂಗತಿಗಳನ್ನು ತಾವೇ ಬರೆದು 1154ರವರೆಗೆ ಮುಂದುವರಿಸಿದರು. ನಕಲು ಮಾಡಿದ ಭಾಗದಲ್ಲಿ ಹಳೆಯ ವಿಭಕ್ತಿಗಳು ಬಹುಮಟ್ಟಿಗೆ ಉಳಿದಿವೆ. ಸ್ವಂತವಾಗಿ ಬರೆದ ಭಾಗಗಳಲ್ಲಿ, ಅದರಲ್ಲೂ ಕೊನೆಯ ಭಾಗದಲ್ಲಿ, ನಿರ್ದೇಶಕ ಪದದ ನಾನಾ ರೂಪಗಳು ಕರಗಿ ಒಂದಾಗುತ್ತಿರುವುದೂ ಚತುರ್ಥಿಯ ಗುರುತುಗಳು ಮಾಸುತ್ತಿರುವುದೂ ಸ್ಪಷ್ಟವಾಗಿ ಕಾಣುತ್ತದೆ. ಭಾಷೆಯೊಂದು ತನ್ನ ವ್ಯಾಕರಣವನ್ನು ಬದಲಾಯಿಸಿಕೊಳ್ಳುವ ಘಳಿಗೆ ಇಷ್ಟು ನಿಚ್ಚಳವಾಗಿ ಒಂದೇ ಹಸ್ತಪ್ರತಿಯೊಳಗೆ ಸಿಕ್ಕಿರುವುದು ಅಪರೂಪ.

ಸರ್ವನಾಮಗಳಲ್ಲಿ ಚತುರ್ಥಿ ಸಾಯಲಿಲ್ಲ, ಗೆದ್ದಿತು. ‘ಅವನನ್ನು’ ಎಂಬುದಕ್ಕೆ ‘ಹಿನೆ’, ‘ಅವನಿಗೆ’ ಎಂಬುದಕ್ಕೆ ‘ಹಿಮ್’ ಎಂದು ಹಳೆಯ ಇಂಗ್ಲಿಷಿನಲ್ಲಿ ಬೇರೆಬೇರೆ ರೂಪಗಳಿದ್ದು, ಮುಂದೆ ಎರಡೂ ಬೆರೆತಾಗ ಉಳಿದದ್ದು ‘ಹಿಮ್’. ‘ಹೂಮ್’ ಎಂಬುದೂ ಹಳೆಯ ಚತುರ್ಥಿಯೇ; ಸ್ಕ್ಯಾಂಡಿನೇವಿಯದ ನುಡಿಯಿಂದ ಬಂದ ‘ದೆಮ್’ ಎಂಬುದೂ ಆ ನುಡಿಯ ಚತುರ್ಥಿಯಿಂದಲೇ ಬಂದದ್ದು. ಇಂದು ‘ಐ ಸಾ ಹಿಮ್’ ಎನ್ನುವವರು ದ್ವಿತೀಯೆಯ ಜಾಗದಲ್ಲಿ ಚತುರ್ಥಿಯನ್ನು ಬಳಸುತ್ತಿದ್ದಾರೆ. ಕನ್ನಡದ ಆಡುಮಾತಿನಲ್ಲಿಯೂ ‘ಅವನಿಗೆ ನೋಡಿದೆ’ ಎಂಬ ಪ್ರಯೋಗ ಕೆಲವು ಕಡೆ, ಮುಖ್ಯವಾಗಿ ಉತ್ತರದ ಜಿಲ್ಲೆಗಳಲ್ಲಿ, ಕೇಳಿಬರುವುದನ್ನು ಇದರೊಂದಿಗೆ ಇಟ್ಟು ನೋಡಬಹುದು.

ಇನ್ನೊಂದು ನಷ್ಟವನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ‘ನನಗೆ ಅನಿಸುತ್ತದೆ’, ‘ನನಗೆ ಹಸಿವಾಗಿದೆ’, ‘ನನಗೆ ಇಷ್ಟ’ ಎಂದು ಅನುಭವಿಸುವವರನ್ನು ಚತುರ್ಥಿಯಲ್ಲಿ ಇಡುವ ಕನ್ನಡದ ರೀತಿ ಹಳೆಯ ಇಂಗ್ಲಿಷಿಗೂ ಸಹಜವಾಗಿತ್ತು. ಹಸಿವು, ಬಾಯಾರಿಕೆ, ಇಷ್ಟ, ತೋರಿಕೆ ಇವುಗಳನ್ನು ಹೇಳುವ ಕ್ರಿಯಾಪದಗಳು ಕರ್ತೃವನ್ನೇ ಬಯಸದೆ ಪ್ರಥಮೆಯಲ್ಲದ ವಿಭಕ್ತಿಯ, ಹೆಚ್ಚಾಗಿ ಚತುರ್ಥಿಯ, ಪದವೊಂದರೊಡನೆ ನಿಲ್ಲುತ್ತಿದ್ದವು. ಪ್ರತ್ಯಯಗಳು ಹೋದ ಮೇಲೆ ಕ್ರಿಯಾಪದಕ್ಕೆ ಮೊದಲು ನಿಂತ ಪದವನ್ನೆಲ್ಲ ಕರ್ತೃವೆಂದು ತಿಳಿಯುವ ರೂಢಿ ಬಲಿತು, ಚತುರ್ಥಿಯ ‘ಮಿ’ ಇದ್ದ ಜಾಗಕ್ಕೆ ಪ್ರಥಮೆಯ ‘ಐ’ ಬಂದಿತು. ‘ಮಿಥಿಂಕ್ಸ್’ ಎಂಬ ಹಳೆಯ ಕಾವ್ಯಭಾಷೆಯ ಪದವೊಂದು ಆ ಕಾಲದ ಕುರುಹಾಗಿ ಉಳಿದಿದೆ. ಅದರ ನೇರವಾದ ಅರ್ಥ ‘ನನಗೆ ತೋರುತ್ತದೆ’ ಎಂದು.

ವಿಭಕ್ತಿಗಳು ಮಾಸಿದ ಮೇಲೆ ಪಡೆಯುವವರನ್ನು ಗುರುತಿಸಲು ಇಂಗ್ಲಿಷಿಗೆ ಎರಡು ಉಪಾಯಗಳಿದ್ದವು. ಕ್ರಿಯಾಪದದ ಬಳಿಕ ಪಡೆಯುವವರು ಮೊದಲು, ವಸ್ತು ಅನಂತರ ಎಂದು ಪದಗಳ ಕ್ರಮವನ್ನು ಬಿಗಿಗೊಳಿಸುವುದು ಒಂದು. ಚಲನೆಯ ಕ್ರಿಯೆಗಳಲ್ಲಿ ಮೊದಲೇ ಇದ್ದ ‘ಟು’ವನ್ನು ಕೊಡುವ ಕ್ರಿಯೆಗಳಿಗೂ ಹಬ್ಬಿಸುವುದು ಇನ್ನೊಂದು. ಇಂಗ್ಲಿಷ್ ಎರಡನ್ನೂ ಕೈಗೆತ್ತಿಕೊಂಡಿತು. 13 ಮತ್ತು 14ನೆಯ ಶತಮಾನಗಳಲ್ಲಿ ‘ಟು’ವಿನ ಬಳಕೆ ವೇಗವಾಗಿ ಬೆಳೆದುದನ್ನು, ಆ ಕಾಲದ ಗದ್ಯವನ್ನು ಪದಪದವಾಗಿ ವಿಂಗಡಿಸಿ ಗಣಕಯಂತ್ರಕ್ಕೆ ಅಳವಡಿಸಿರುವ ಪಠ್ಯಸಂಗ್ರಹಗಳ ನೆರವಿನಿಂದ ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ. ಪಡೆಯುವವರ ಮುಂದೆ ‘ಆ’ ಎಂಬ ಪ್ರಿಪೊಸಿಷನ್ನನ್ನು ಇಡುವ ಫ್ರೆಂಚ್ ಭಾಷೆಯ ಪ್ರಭಾವ ಇದಕ್ಕೆ ಎಷ್ಟು ಕಾರಣವೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಫ್ರೆಂಚ್ ಈ ರೂಢಿಯನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಇಂಗ್ಲಿಷಿನೊಳಗೆ ಹುಟ್ಟಿದ ರೂಢಿಗೆ ಆಸರೆಯಾಯಿತು ಎನ್ನುವುದು ಹೆಚ್ಚು ಸರಿಯೆಂದು ತೋರುತ್ತದೆ, ಏಕೆಂದರೆ ‘ಟು’ವಿನ ಬೇರುಗಳು ನಾರ್ಮನ್ನರಿಗಿಂತ ಹಳೆಯವು.

ಈ ಏರಿಳಿತವನ್ನು ಕ್ರೈಸ್ತರ ಪ್ರಾರ್ಥನೆಯೊಂದರ ಅನುವಾದಗಳಲ್ಲಿ ಗುರುತಿಸಬಹುದು. ಮತ್ತಾಯನ ಸುವಾರ್ತೆಯಲ್ಲಿ ದೇವರನ್ನು ದಿನದ ಆಹಾರಕ್ಕಾಗಿ ಬೇಡುವ ವಾಕ್ಯವಿದೆ. ಸುಮಾರು 1000ದ ಹೊತ್ತಿನ ಪಶ್ಚಿಮ ಸ್ಯಾಕ್ಸನ್ ನುಡಿಯ ಅನುವಾದದಲ್ಲಿ ‘ನಮಗೆ’ ಎಂಬಲ್ಲಿ ಬರಿಯ ಸರ್ವನಾಮವಿದೆ. 14ನೆಯ ಶತಮಾನದ ಕೊನೆಯಲ್ಲಿ ಜಾನ್ ವಿಕ್ಲಿಫ್‌ನ ಅನುಯಾಯಿಗಳು ಲ್ಯಾಟಿನ್ನಿನಿಂದ ಮಾಡಿದ ಅನುವಾದದಲ್ಲಿ ಅದೇ ಜಾಗದಲ್ಲಿ ‘ಟು’ ಬಂದಿದೆ. 1526ರಲ್ಲಿ ವಿಲಿಯಂ ಟಿಂಡೇಲ್ ಗ್ರೀಕಿನಿಂದ ಮಾಡಿದ ಅನುವಾದದಲ್ಲಿ ‘ಟು’ ಹೋಗಿ ಬರಿಯ ಸರ್ವನಾಮ ಮರಳಿದೆ, 1611ರ ಅಧಿಕೃತ ಅನುವಾದವೂ ಅದನ್ನೇ ಉಳಿಸಿಕೊಂಡಿದೆ. ಹಳೆಯದು ಹೋಗಿ ಹೊಸದು ಅದರ ಜಾಗವನ್ನು ಪೂರ್ತಿಯಾಗಿ ಆಕ್ರಮಿಸುವ ಸರಳ ಕಥೆ ಇದಲ್ಲ. ‘ಟು’ ಒಮ್ಮೆ ಬಹಳ ದೂರ ಹಬ್ಬಿ, ಬಳಿಕ ಕೊಡುವುದು, ಹೇಳುವುದು, ತೋರಿಸುವುದು ಮುಂತಾದ ದಿನಬಳಕೆಯ ಕ್ರಿಯೆಗಳಲ್ಲಿ ಹಿಂದೆ ಸರಿದು, ಕಡೆಗೆ ಎರಡು ರಚನೆಗಳೂ ತಮ್ಮ ತಮ್ಮ ಎಲ್ಲೆಗಳನ್ನು ಕಂಡುಕೊಂಡವು.

ಪದಕ್ರಮ ಬಿಗಿಯಾದುದರ ಇನ್ನೊಂದು ಫಲ ಕರ್ಮಣಿ ಪ್ರಯೋಗದಲ್ಲಿ ಕಾಣಿಸಿಕೊಂಡಿತು. ಹಳೆಯ ಇಂಗ್ಲಿಷಿನಲ್ಲಿ ದ್ವಿತೀಯೆಯ ಪದ ಮಾತ್ರ ಕರ್ಮಣಿಯಲ್ಲಿ ಪ್ರಥಮೆಗೆ ಬರಬಹುದಾಗಿತ್ತು; ‘ಪುಸ್ತಕವು ಅವನಿಗೆ ಕೊಡಲ್ಪಟ್ಟಿತು’ ಎಂಬಂತೆ ಪಡೆಯುವವನು ಚತುರ್ಥಿಯಲ್ಲೇ ಉಳಿಯುತ್ತಿದ್ದನು. ಕ್ರಿಯಾಪದಕ್ಕೆ ತಾಗಿ ನಿಲ್ಲುವ ಪದ ಯಾವುದೇ ಆಗಲಿ ಅದು ಕರ್ಮವೆಂದು ಕೇಳುವವರು ಭಾವಿಸತೊಡಗಿದ ಮೇಲೆ, 14ನೆಯ ಶತಮಾನದ ಕೊನೆಯ ಹೊತ್ತಿನಿಂದ ‘ಹಿ ವಾಸ್ ಗಿವನ್ ಎ ಬುಕ್’ ಎಂಬ ಬಗೆಯ ವಾಕ್ಯಗಳು ತಲೆದೋರಿದವು. ಸಿಂತಿಯಾ ಆಲನ್ ಎಂಬ ಭಾಷಾವಿಜ್ಞಾನಿ 1995ರ ತಮ್ಮ ಗ್ರಂಥದಲ್ಲಿ ಈ ಎರಡು ಬೆಳವಣಿಗೆಗಳ ನಂಟನ್ನು ಎಳೆ ಎಳೆಯಾಗಿ ಬಿಡಿಸಿದ್ದಾರೆ.

ಇಂಥದೇ ಚಾರಿತ್ರಿಕ ಕಾರಣ ಇಂದಿನ ವಿದ್ಯಾರ್ಥಿಗಳನ್ನು ಬಹಳವಾಗಿ ಕಾಡುವ ಇನ್ನೊಂದು ತೊಡಕಿನ ಹಿಂದೆಯೂ ಇದೆ. ‘ಟೆಲ್ ಮಿ ದ ಸ್ಟೋರಿ’ ಸರಿ, ‘ಎಕ್ಸ್‌ಪ್ಲೇನ್ ಮಿ ದ ಸ್ಟೋರಿ’ ತಪ್ಪು. ‘ಗಿವ್ ದೆಮ್ ಮನಿ’ ಸರಿ, ‘ಡೊನೇಟ್ ದೆಮ್ ಮನಿ’ ತಪ್ಪು. ಗಿವ್, ಟೆಲ್, ಸೆಂಡ್, ಸೆಲ್, ಟೀಚ್, ಲೆಂಡ್ ಮುಂತಾದವು ಜರ್ಮಾನಿಕ್ ಮೂಲದ ಹಳೆಯ ಕ್ರಿಯಾಪದಗಳು, ಹೆಚ್ಚಿನವು ಒಂದೇ ಉಚ್ಚಾರಾಂಶದವು. ಚತುರ್ಥಿಯೊಂದಿಗೆ ಬಾಳಿದ ಅವುಗಳ ಹಳೆಯ ರಚನೆ ಪ್ರತ್ಯಯ ಕಳೆದುಕೊಂಡ ಮೇಲೂ ಮುಂದುವರಿಯಿತು. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ರಿಪೋರ್ಟ್, ಅನೌನ್ಸ್ ಮುಂತಾದವು ಲ್ಯಾಟಿನ್ ಮತ್ತು ಫ್ರೆಂಚಿನಿಂದ ತಡವಾಗಿ ಬಂದವು, ಚತುರ್ಥಿ ಪ್ರತ್ಯಯದ ಕಾಲವನ್ನು ಕಾಣದ ಅವು ಬರುವಾಗಲೇ ‘ಟು’ವನ್ನು ಜೊತೆಗೆ ತಂದವು. ‘ಡೊನೇಟ್’ ಎಂಬುದಂತೂ ‘ಡೊನೇಷನ್’ ಎಂಬ ನಾಮಪದದಿಂದ 18ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಕಡೆದುಕೊಂಡ ಪದ. ನಿಯಮ ಪೂರ್ತಿ ಬಿಗಿಯಾಗಿಲ್ಲ: ಗ್ರಾಂಟ್, ಪೇ ಎಂಬಂಥ ಫ್ರೆಂಚ್ ಮೂಲದ ಕಿರಿಯ ಪದಗಳೂ, ಪ್ರಾಮಿಸ್, ಆಫರ್ ಎಂಬವೂ ಹಳೆಯ ಗುಂಪಿನೊಳಗೆ ಸೇರಿಹೋಗಿವೆ. ‘ಕಾಸ್ಟ್’, ‘ಎನ್ವಿ’ ಎಂಬವು ಎರಡು ಕರ್ಮಗಳನ್ನು ಪಡೆದರೂ ‘ಟು’ವನ್ನು ಒಲ್ಲವು, ‘ಆಸ್ಕ್’ ಎಂಬುದಕ್ಕೆ ಪ್ರಿಪೊಸಿಷನ್ ಬೇಕಾದರೆ ‘ಆಫ್’ ಬರಬೇಕೇ ಹೊರತು ‘ಟು’ ಬರಲಾರದು. ಯಾಂತ್ರಿಕವಾಗಿ ತಿರುಗಿಸಿ ಬರೆಯುವ ಅಭ್ಯಾಸ ಸೋಲುವುದು ಇಂಥ ಕಡೆಗಳಲ್ಲಿ.

ಭಾಷೆಯಲ್ಲಿ ನಡೆದದ್ದು ಇದಾದರೆ, ಶಾಲೆಯಲ್ಲಿ ನಡೆದದ್ದು ಬೇರೆ. 14ನೆಯ ಶತಮಾನದ ಮಧ್ಯದವರೆಗೆ ಇಂಗ್ಲೆಂಡಿನ ಮಕ್ಕಳು ಲ್ಯಾಟಿನ್ ವಾಕ್ಯಗಳನ್ನು ಫ್ರೆಂಚಿನಲ್ಲಿ ಬಿಡಿಸಿ ಹೇಳುತ್ತಿದ್ದರು. 1349ರ ಮಹಾಮಾರಿಯ ಅನಂತರ ಜಾನ್ ಕಾರ್ನ್‌ವಾಲ್ ಎಂಬ ಉಪಾಧ್ಯಾಯನು ಇದನ್ನು ಇಂಗ್ಲಿಷಿಗೆ ಬದಲಾಯಿಸಿದನೆಂದೂ, 1385ರ ವೇಳೆಗೆ ಎಲ್ಲ ವ್ಯಾಕರಣ ಶಾಲೆಗಳಲ್ಲಿ ಇಂಗ್ಲಿಷೇ ರೂಢಿಗೆ ಬಂದಿತ್ತೆಂದೂ ಆ ಕಾಲದ ಬರಹಗಾರ ಜಾನ್ ಟ್ರೆವಿಸಾ ದಾಖಲಿಸಿದ್ದಾನೆ. ಆ ಹೊತ್ತಿಗೆ ಇಂಗ್ಲಿಷಿನ ಪ್ರತ್ಯಯಗಳು ಅಳಿದಿದ್ದುದರಿಂದ, ಆಲ್ಫ್ರಿಕ್‌ನಂತೆ ಲ್ಯಾಟಿನ್ ಪ್ರತ್ಯಯಕ್ಕೆ ಎದುರಾಗಿ ಇಡಲು ಉಪಾಧ್ಯಾಯರ ಕೈಯಲ್ಲಿ ಇಂಗ್ಲಿಷ್ ಪ್ರತ್ಯಯವಿರಲಿಲ್ಲ, ‘ಟು’ ಇತ್ತು. 16ನೆಯ ಶತಮಾನದ 40ರ ದಶಕದಲ್ಲಿ ಎಂಟನೆಯ ಹೆನ್ರಿಯ ಅಪ್ಪಣೆಯಿಂದ ಇಡೀ ರಾಜ್ಯದ ಏಕೈಕ ಪಠ್ಯವಾದ, ವಿಲಿಯಂ ಲಿಲಿಯ ಹೆಸರಿನಲ್ಲಿ ಪ್ರಸಿದ್ಧವಾದ ಲ್ಯಾಟಿನ್ ವ್ಯಾಕರಣವು ಚತುರ್ಥಿಯನ್ನು ‘ಟು’ ಎಂಬ ಚಿಹ್ನೆಯಿಂದ ಗುರುತಿಸಬೇಕೆಂದು ಕಲಿಸಿತು. ಸುಮಾರು ಎರಡು ಶತಮಾನಗಳ ಕಾಲ ಇಂಗ್ಲೆಂಡಿನ ವ್ಯಾಕರಣ ಶಾಲೆಗಳ ಹುಡುಗರು ಈ ಪಾಠವನ್ನು ಬಾಯಿಪಾಠ ಮಾಡಿದರು. ಚತುರ್ಥಿ ಎಂದರೆ ‘ಟು’ ಎಂಬ ಸಮೀಕರಣ ಅಷ್ಟು ಆಳವಾಗಿ ಬೇರೂರಿದ ಮೇಲೆ, ‘ಟು’ ಇಲ್ಲದ ಕಡೆ ಅದು ಲೋಪವಾಗಿದೆಯೆಂದು ತೋರುವುದು ಸಹಜವೇ ಆಗಿತ್ತು.

ಇಂಗ್ಲಿಷಿಗೇ ವ್ಯಾಕರಣ ಬರೆದವರು ಈ ಪಾಠದಲ್ಲಿ ಬೆಳೆದವರು. ಅವರ ನಡುವೆ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಬರೆದ ಗಣಿತಜ್ಞ ಜಾನ್ ವಾಲಿಸ್‌ನ ಹೆಸರನ್ನು ಗೌರವದಿಂದ ಹೇಳಬೇಕು. ಲ್ಯಾಟಿನ್ ವಿಭಕ್ತಿಗಳನ್ನು ಇಂಗ್ಲಿಷಿನ ಮೇಲೆ ಹೇರುವುದು ವ್ಯರ್ಥವೆಂದೂ, ಅಲ್ಲಿ ವಿಭಕ್ತಿ ಮಾಡುವ ಕೆಲಸವನ್ನು ಇಲ್ಲಿ ಪ್ರಿಪೊಸಿಷನ್ನುಗಳು ಮಾಡುತ್ತವೆಂದೂ ಅವನು ದೃಢವಾಗಿ ವಾದಿಸಿದನು. ಆದರೆ ಪ್ರಿಪೊಸಿಷನ್ನೂ ಇಲ್ಲದೆ ನಿಲ್ಲುವ ‘ಗಿವ್ ಮಿ’ ಎಂಬುದನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಈ ವಾದದಿಂದ ಇನ್ನಷ್ಟು ತೊಡಕಾಯಿತು. 1762ರಲ್ಲಿ ರಾಬರ್ಟ್ ಲೌತ್ ತನ್ನ ಕಿರು ವ್ಯಾಕರಣದಲ್ಲಿ ಕೊಟ್ಟ ಉತ್ತರವೇ ಮುಂದಿನ ಕಾಲಕ್ಕೆ ಮಾದರಿಯಾಯಿತು: ಸರ್ವನಾಮಗಳ ಮುಂದೆ ‘ಟು’, ‘ಫಾರ್’ ಎಂಬವು ಎಷ್ಟೋ ವೇಳೆ ಉಚ್ಚಾರವಾಗದೆ ಗರ್ಭಿತವಾಗಿರುತ್ತವೆ. 1795ರಲ್ಲಿ ಯಾರ್ಕ್‌ನಲ್ಲಿ ನೆಲೆಸಿದ್ದ ಅಮೆರಿಕದ ಲಿಂಡ್ಲಿ ಮರ್ರೆ ಲೌತ್‌ನ ಈ ಮಾತನ್ನು ತನ್ನ ಪಠ್ಯಪುಸ್ತಕದೊಳಗೆ ಸೇರಿಸಿದನು. ಆ ಪುಸ್ತಕ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಲಕ್ಷಗಟ್ಟಲೆ ಪ್ರತಿಗಳಲ್ಲಿ ಹರಡಿದುದರಿಂದ, ಗರ್ಭಿತವಾದ ‘ಟು’ ಎಂಬ ಕಲ್ಪನೆ ಸರ್ವಸಮ್ಮತವಾದ ಸತ್ಯದಂತೆ ತಲೆಮಾರುಗಳಿಗೆ ದಾಟಿತು. ಲೌತ್‌ನಾಗಲಿ ಮರ್ರೆಯಾಗಲಿ ಅವಿವೇಕಿಗಳಲ್ಲ. ಭಾಷೆಗಳನ್ನು ಚಾರಿತ್ರಿಕವಾಗಿ ಹೋಲಿಸುವ ಶಾಸ್ತ್ರ ಅವರ ಕಾಲಕ್ಕೆ ಇನ್ನೂ ರೂಪುಗೊಂಡಿರಲಿಲ್ಲ. ಅದು ಬೆಳೆದ ತರುವಾಯ, 19ನೆಯ ಶತಮಾನದ ಕೊನೆಯಲ್ಲಿ ಹೆನ್ರಿ ಸ್ವೀಟ್, ಅವನ ಬಳಿಕ ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸೆನ್ ಇವರು ಇಂಗ್ಲಿಷ್ ವ್ಯಾಕರಣವನ್ನು ಅದರ ಚರಿತ್ರೆಯ ಮೇಲೆ ನಿಲ್ಲಿಸಿ ಬರೆದರು. ಶಾಲಾಪುಸ್ತಕಗಳು ಮಾತ್ರ ಹಳೆಯ ದಾರಿಯಲ್ಲೇ ನಡೆದವು.

ಕರ್ನಾಟಕಕ್ಕೆ ಈ ಪಾಠ ಬಂದದ್ದು ಆ ಶಾಲಾಪುಸ್ತಕಗಳ ಮೂಲಕ. 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೂ, ಮೈಸೂರು ಸಂಸ್ಥಾನದ ವಿದ್ಯಾರ್ಥಿಗಳು ಕೂರುತ್ತಿದ್ದರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳವರು ಮುಂಬಯಿಯ ವಿಶ್ವವಿದ್ಯಾಲಯವನ್ನು ಅವಲಂಬಿಸಿದ್ದರು. ವಾಕ್ಯವನ್ನು ಅಂಗಾಂಗವಾಗಿ ಬಿಡಿಸಿ ಕೋಷ್ಟಕದಲ್ಲಿ ತುಂಬುವ ‘ಅನಾಲಿಸಿಸ್’ ಎಂಬ ಅಭ್ಯಾಸವನ್ನು ಇಂಗ್ಲೆಂಡಿನ ಶಾಲಾ ತನಿಖಾಧಿಕಾರಿ ಜೆ. ಡಿ. ಮೊರೆಲ್ 1852ರ ಪುಸ್ತಕದಿಂದ ಜನಪ್ರಿಯಗೊಳಿಸಿದ್ದನು. ಭಾರತದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಜೆ. ಸಿ. ನೆಸ್‌ಫೀಲ್ಡ್‌ನ ವ್ಯಾಕರಣಗಳು 19ನೆಯ ಶತಮಾನದ ಕೊನೆಯಿಂದ ಈ ದೇಶದ ಪ್ರೌಢಶಾಲೆಗಳನ್ನು ಆಳಿದವು. ಅವುಗಳ ಜಾಗಕ್ಕೆ ಮೆಲ್ಲಗೆ ಬಂದದ್ದು ಮುಂಬಯಿ ಪ್ರಾಂತದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ, ಕಾದಂಬರಿಕಾರನೂ ಆಗಿದ್ದ ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಇವರ ವ್ಯಾಕರಣ. ಪರೋಕ್ಷ ಕರ್ಮವು ನೇರ ಕರ್ಮಕ್ಕಿಂತ ಮೊದಲು ಬರುತ್ತದೆ, ಅದರ ನಂತರಕ್ಕೆ ಸರಿದರೆ ‘ಟು’ ಅಥವಾ ‘ಫಾರ್’ ಹಿಡಿಯಬೇಕು ಎಂಬ ಅದರ ನಿಯಮವನ್ನು ಕರ್ನಾಟಕದ ಎಷ್ಟೋ ತಲೆಮಾರುಗಳು ಕಂಠಪಾಠ ಮಾಡಿವೆ. ಲೌತ್‌ನ ವಿವರಣೆಗಿಂತ ಈ ನಿಯಮ ಒಂದು ಹೆಜ್ಜೆ ಮುಂದಿದೆ ಎನ್ನಬೇಕು: ಅದು ಪ್ರಿಪೊಸಿಷನ್ ಇಲ್ಲದ ಕ್ರಮವನ್ನೇ ಮೊದಲು ಹೇಳುತ್ತದೆ.

ಆಶ್ಚರ್ಯದ ಸಂಗತಿಯೆಂದರೆ ಗರ್ಭಿತ ‘ಟು’ ಎಂಬ ಕಲ್ಪನೆ 20ನೆಯ ಶತಮಾನದ ಅತ್ಯಂತ ಆಧುನಿಕ ಭಾಷಾಶಾಸ್ತ್ರದೊಳಗೆ ಮತ್ತೆ ಹುಟ್ಟಿಬಂದದ್ದು. ನೋಮ್ ಚಾಮ್ಸ್ಕಿ 1957ರಲ್ಲಿ ಪ್ರಸಿದ್ಧಿಗೆ ತಂದ ಪರಿವರ್ತನ ವ್ಯಾಕರಣವು ಒಂದು ಬಗೆಯ ವಾಕ್ಯವನ್ನು ಇನ್ನೊಂದು ಮೂಲರಚನೆಯಿಂದ ನಿಯಮಗಳ ಮೂಲಕ ಹುಟ್ಟಿಸುವ ವಿಧಾನ. ಆ ಪಂಥದವರು, 1965ರಲ್ಲಿ ಈ ವಿಷಯಕ್ಕೇ ಒಂದು ಕಿರುಗ್ರಂಥವನ್ನು ಮೀಸಲಿಟ್ಟ ಚಾರ್ಲ್ಸ್ ಫಿಲ್ಮೋರ್ ಮೊದಲಾಗಿ, ಎರಡು ಕರ್ಮಗಳ ವಾಕ್ಯವನ್ನು ಪ್ರಿಪೊಸಿಷನ್ ಇರುವ ವಾಕ್ಯದಿಂದ ಹುಟ್ಟಿಸಿದರು. ಮಾನವನ ಮನಸ್ಸಿನಲ್ಲಿ ಭಾಷೆ ಹೇಗೆ ಅಡಕವಾಗಿದೆ ಎಂಬುದನ್ನು ವಿವರಿಸಲು ಹೊರಟವರಿಗೆ ಚರಿತ್ರೆಯ ಕ್ರಮವನ್ನು ಪಾಲಿಸುವ ಹೊಣೆ ಇರಲಿಲ್ಲ, ನಿಜ. ಆದರೂ 1970ರ ದಶಕದಲ್ಲಿ ಜಾರ್ಜಿಯಾ ಗ್ರೀನ್, ರಿಚರ್ಡ್ ಓರ್ಲೆ ಮುಂತಾದವರು ಎರಡು ವಾಕ್ಯಗಳ ಅರ್ಥಗಳು ಎಲ್ಲ ಕಡೆ ಒಂದೇ ಅಲ್ಲವೆಂದು ತೋರಿಸಿದಾಗ ಅವರಿಗೆ ಸಿಕ್ಕ ಭೇದ ಹಳೆಯ ಇಂಗ್ಲಿಷಿನಲ್ಲಿ ಇದ್ದ ಭೇದವೇ ಆಗಿತ್ತು. ಪತ್ರವನ್ನು ಲಂಡನ್ನಿಗೆ ಕಳುಹಿಸುವುದನ್ನು ‘ಟು’ ಇಲ್ಲದೆ ಹೇಳಿದರೆ, ಲಂಡನ್ ಎಂಬುದು ಜಾಗವಾಗಿ ಉಳಿಯದೆ ಅಲ್ಲಿನ ಕಚೇರಿಯೋ ಜನರೋ ಆಗಿಬಿಡುತ್ತದೆ. ‘ಟು’ ಇಲ್ಲದ ರಚನೆ ಇಂದಿಗೂ ಪಡೆಯಬಲ್ಲ ಚೇತನವನ್ನು ಬಯಸುತ್ತದೆ. ‘ಟು’ ಇರುವ ರಚನೆಗೆ ತಲುಪುವ ತಾಣವೊಂದು ಇದ್ದರೆ ಸಾಕು. ಜೋನ್ ಬ್ರೆಸ್ನನ್ ಮತ್ತು ಸಂಗಡಿಗರು ಅಮೆರಿಕದ ದೂರವಾಣಿ ಸಂಭಾಷಣೆಗಳನ್ನು ಆಧರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಆಡುವವರು ಎರಡರಲ್ಲಿ ಒಂದನ್ನು ಆರಿಸುವಾಗ ಸರ್ವನಾಮವೋ ನಾಮಪದವೋ, ಗಿಡ್ಡವೋ ಉದ್ದವೋ, ಮೊದಲೇ ಪ್ರಸ್ತಾಪವಾದದ್ದೋ ಹೊಸದೋ, ಚೇತನವೋ ಅಚೇತನವೋ ಎಂಬ ಹಲವು ಒತ್ತಡಗಳು ಒಟ್ಟಾಗಿ ಕೆಲಸ ಮಾಡುತ್ತವೆಂದು ತೋರಿಸಿತು. ಒಂದನ್ನು ಇನ್ನೊಂದರ ಮೊಟಕು ರೂಪವೆನ್ನುವ ವಾದಕ್ಕೆ ಇಲ್ಲಿ ಆಧಾರ ದೊರೆಯುವುದಿಲ್ಲ.

ಇಂಗ್ಲೆಂಡಿನ ಆಡುನುಡಿಗಳಲ್ಲಿ ಇನ್ನೂ ಹಳೆಯ ಪದರವೊಂದು ಉಳಿದಿದೆ. 1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್‌ನ ನೇತೃತ್ವದಲ್ಲಿ 313 ಊರುಗಳಲ್ಲಿ ನಡೆದ ಇಂಗ್ಲಿಷ್ ಉಪಭಾಷೆಗಳ ಸಮೀಕ್ಷೆಯು, ಮಧ್ಯ ಮತ್ತು ವಾಯವ್ಯ ಭಾಗಗಳ ಹಳ್ಳಿಗರು ‘ಗಿವ್ ಇಟ್ ಮಿ’ ಎನ್ನುವುದನ್ನು ದಾಖಲಿಸಿತು. ವಸ್ತು ಮೊದಲು, ಪಡೆಯುವವರು ಅನಂತರ, ನಡುವೆ ಪ್ರಿಪೊಸಿಷನ್ ಇಲ್ಲ. ಶಾಲೆಯ ನಿಯಮದ ಪ್ರಕಾರ ತಪ್ಪಾಗಬೇಕಾದ ಈ ವಾಕ್ಯ ಪದಕ್ರಮ ಬಿಗಿಯಾಗುವ ಮುಂಚಿನ ಸ್ವಾತಂತ್ರ್ಯವನ್ನು ಸರ್ವನಾಮಗಳ ಮಟ್ಟಿಗಾದರೂ ಉಳಿಸಿಕೊಂಡಿದೆ.

ಸ್ವಾತಂತ್ರ್ಯಾನಂತರ ಭಾರತದಲ್ಲಿ ವ್ಯಾಕರಣದ ನಿಯಮಗಳನ್ನು ಬಾಯಿಪಾಠ ಮಾಡಿಸುವ ಬದಲು ವಾಕ್ಯದ ಮಾದರಿಗಳನ್ನು ಕ್ರಮವಾಗಿ ರೂಢಿ ಮಾಡಿಸುವ ಪದ್ಧತಿ ಬಂದಿತು. ಜಪಾನಿನಲ್ಲಿ ಇಂಗ್ಲಿಷ್ ಕಲಿಸಿದ ಹೆರಾಲ್ಡ್ ಪಾಮರ್ ಮತ್ತು ಎ. ಎಸ್. ಹಾರ್ನ್‌ಬಿ ಇವರ ಕೆಲಸ ಇದಕ್ಕೆ ಒಂದು ಮುಖ್ಯ ಆಧಾರ. 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ಹಾರ್ನ್‌ಬಿಯ ಕಲಿಯುವವರ ನಿಘಂಟು ಪ್ರತಿಯೊಂದು ಕ್ರಿಯಾಪದವೂ ಯಾವ ಮಾದರಿಗಳನ್ನು ಒಪ್ಪುತ್ತದೆಂದು ಗುರುತುಹಾಕಿ ತೋರಿಸಿತು. ಯಾವ ಕ್ರಿಯಾಪದಕ್ಕೆ ‘ಟು’, ಯಾವುದಕ್ಕೆ ‘ಫಾರ್’, ಯಾವುದಕ್ಕೆ ತಿರುಗಿಸುವ ಅವಕಾಶವೇ ಇಲ್ಲ ಎಂಬುದು ನಿಯಮದಿಂದಲ್ಲ, ಪದದಿಂದ ಪದಕ್ಕೆ ತಿಳಿಯಬೇಕಾದ ಸಂಗತಿಯೆಂಬ ಅರಿವು ಅದರಲ್ಲಿದೆ. ದಕ್ಷಿಣದ ರಾಜ್ಯಗಳ ಉಪಾಧ್ಯಾಯರಿಗೆ ತರಬೇತಿ ನೀಡಲು 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದಾಗ ಚಾಲ್ತಿಯಲ್ಲಿದ್ದುದು ಮಾದರಿಗಳ ಈ ಪದ್ಧತಿಯೇ.

ಕನ್ನಡ ಮಾತೃಭಾಷೆಯ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂಬುದನ್ನು ಈ ಚರಿತ್ರೆ ಮುಂಚಿತವಾಗಿಯೇ ತೋರಿಸುತ್ತದೆ. ಕನ್ನಡದಲ್ಲಿ ‘ರಾಮನಿಗೆ ಕೊಡು’, ‘ರಾಮನಿಗೆ ಹೇಳು’, ‘ರಾಮನಿಗೆ ವಿವರಿಸು’, ‘ಮೈಸೂರಿಗೆ ಕಳುಹಿಸು’ ಎಂಬ ನಾಲ್ಕಕ್ಕೂ ಒಂದೇ ಪ್ರತ್ಯಯ. ಪಡೆಯುವ ವ್ಯಕ್ತಿಗೂ ತಲುಪುವ ತಾಣಕ್ಕೂ, ಹಳೆಯ ಕ್ರಿಯಾಪದಕ್ಕೂ ಎರವಲು ಕ್ರಿಯಾಪದಕ್ಕೂ ಅದು ಭೇದ ಮಾಡುವುದಿಲ್ಲ. ‘ಟೆಲ್ ಮಿ’ ಕಲಿತವನು ‘ಎಕ್ಸ್‌ಪ್ಲೇನ್ ಮಿ’, ‘ಸೇ ಮಿ’ ಎಂದು ಬರೆಯುವುದು ಅಜಾಗರೂಕತೆಯಿಂದಲ್ಲ. ತನ್ನ ಭಾಷೆಯಲ್ಲಿ ಜೀವಂತವಾಗಿರುವ ನಿಯಮವನ್ನು ಅವನು ಇಂಗ್ಲಿಷಿಗೆ ವಿಸ್ತರಿಸುತ್ತಿದ್ದಾನೆ. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಈ ವಿಸ್ತರಣೆಯ ಒಂದು ರೂಪ ಈಗ ನೆಲೆಯೂರಿದೆ. ಸ್ಕಾಟ್ಲೆಂಡಿನ ಬರವಣಿಗೆಯಲ್ಲಿ ಹಳೆಯದಾದ, ಇಂಗ್ಲೆಂಡಿನಲ್ಲಿ ಬಹುಕಾಲ ವಿರಳವಾಗಿದ್ದ ‘ಗಿಫ್ಟ್’ ಎಂಬ ಕ್ರಿಯಾಪದವನ್ನು ಇಲ್ಲಿನ ಬರಹಗಾರರು ಧಾರಾಳವಾಗಿ ಬಳಸುತ್ತಾರೆ, ತಂದೆಯೊಬ್ಬ ಮಗಳಿಗೆ ಕಾರನ್ನು ಉಡುಗೊರೆ ಕೊಟ್ಟುದನ್ನು ‘ಹಿ ಗಿಫ್ಟೆಡ್ ಹರ್ ಎ ಕಾರ್’ ಎಂದು, ಪ್ರಿಪೊಸಿಷನ್ ಇಲ್ಲದೆ, ಪಡೆಯುವವಳನ್ನು ಮುಂದಿಟ್ಟು ಬರೆಯುತ್ತಾರೆ. ಭಾರತೀಯ ಇಂಗ್ಲಿಷಿನ ಪಠ್ಯಸಂಗ್ರಹಗಳನ್ನು ಪರಿಶೀಲಿಸುವ ಭಾಷಾವಿಜ್ಞಾನಿಗಳು ಈ ಪ್ರಯೋಗವನ್ನು ತಪ್ಪುಗಳ ಪಟ್ಟಿಯಲ್ಲಿ ಸೇರಿಸುವುದನ್ನು ಬಿಟ್ಟು, ಈ ನಾಡಿನ ಇಂಗ್ಲಿಷಿನ ಲಕ್ಷಣಗಳಲ್ಲಿ ಒಂದೆಂದು ಎಣಿಸುತ್ತಿದ್ದಾರೆ.